ಗೋಪುರದ ಎಲೆ

ಟ್ಯಾರೊ ಎಂಬ ಭವಿಷ್ಯ ನುಡಿಯುವ ಎಲೆಗಳಲ್ಲಿ 16ನೆಯದು ‘ಗೋಪುರ’. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿಗೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರದಲ್ಲಿ ಸಿಡಿಲು ಬಡಿದು ಗೋಪುರದ ಕಿರೀಟ ಹಾರಿದೆ, ಕಿಟಕಿಗಳಲ್ಲಿ ಬೆಂಕಿ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಗರ್ವದಿಂದ ಕಟ್ಟಿದ್ದು ಒಮ್ಮೆಲೇ ಉರುಳುತ್ತದೆ ಎಂದು ಬಲ್ಲವರು ಅರ್ಥ ಹೇಳುತ್ತಾರೆ.

ಉಮರಗಾ, ನಿಲಂಗಾ, ಉದಗೀರ ಕಡೆಯ ನಮಗೆ ಈ ಅರ್ಥ ಒಗ್ಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿಯನ್ನು ಕಳಿಸಿ ದಣಿದ ಊರುಗಳು ಮಲಗಿದ್ದವು. ನಾಲ್ಕು ಗಂಟೆಗೆ ತುಸು ಮುನ್ನ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಆಗ ಉಮರಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರೂ ನೆಲಸಮವಾಯಿತು. ಸತ್ತವರು ಸುಮಾರು 10,000. ಅವರಲ್ಲಿ ನಮ್ಮ ಸೋದರತ್ತೆಯೂ ಒಬ್ಬರು.

ಕಾಸರಗೋಡಿನವರಿಗೆ ಮುರಕಲ್ಲಿನ ಗೋಡೆ ಗೊತ್ತು. ನಮ್ಮ ಕಡೆ ಕರಿಕಲ್ಲು, ಸಂದಿಗೆ ಬರೀ ಮಣ್ಣು. ಎರಡಡಿಗೂ ಮೀರಿದ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗಲೆಲ್ಲ ಇನ್ನೊಂದು ಪದರ ಮಣ್ಣು. ಬೇಸಗೆಗೆ ತಂಪು, ಕಳ್ಳಕಾಕರ ಭಯವಿಲ್ಲ. ಕೊಂದದ್ದು ಆ ಗೋಡೆ, ಆ ಮಾಳಿಗೆಗಳೇ. ಹಗುರವಾದ ಹುಲ್ಲಿನ ಗುಡಿಸಿಲುಗಳಲ್ಲಿದ್ದ ಬಡವರು ಬಹುಮಟ್ಟಿಗೆ ಉಳಿದರು. ಸಿಡಿಲಿಲ್ಲ, ಕಿರೀಟವೂ ಇಲ್ಲ. ಜೋಳ, ತೊಗರಿ ಬೆಳೆದು ಉಳಿಸಿದ್ದರಲ್ಲಿ ಕಟ್ಟಿದ ಮನೆಗಳವು. ಇದನ್ನು ಗರ್ವವೆನ್ನಲು ನನಗೆ ನಾಲಗೆ ಏಳದು.

ಅಜ್ಜ ಆ ಮನೆಗೆ ಮಗಳನ್ನು ಕೊಟ್ಟದ್ದೇ ಗೋಡೆ ಗಟ್ಟಿಯಿದೆ ಎಂದು. ಆಮೇಲೆ ಅವರು ಇದ್ದಷ್ಟು ದಿನ, ಮಳೆಗಾಲದಲ್ಲೂ, ಅಂಗಳದ ತಗಡಿನ ಕೆಳಗೇ ಮಲಗಿದರು.