ಚಿತ್ರದೊಳಗಿನ ಧರ್ಮಯ್ಯ

ಯುರೋಪಿಗೆ ಹೊರಡುವ ಕನ್ನಡಿಗರ ಕೈಗೆ ನೋಡಬೇಕಾದ ತಾಣಗಳ ಪಟ್ಟಿಯೊಂದು ಹೊರಡುವ ಮೊದಲೇ ಬಂದಿರುತ್ತದೆ: ರೋಮಿನ ಕೊಲೋಸಿಯಂ, ಪ್ಯಾರಿಸ್ಸಿನ ಐಫೆಲ್ ಗೋಪುರ ಮತ್ತು ಲೂವ್ರ್, ಲಂಡನ್ನಿನ ಗೋಪುರ ಮತ್ತು ಸೇತುವೆ. ನಾನೂ ಇವನ್ನೆಲ್ಲ ನೋಡಿದೆ. ಕೊಲೋಸಿಯಮ್ಮಿನ ಗಾತ್ರ ನಿಜಕ್ಕೂ ಬೆರಗು ಹುಟ್ಟಿಸುವಂಥದು. ಲೂವ್ರಿನಲ್ಲಿ ಮೋನಾಲಿಸಾಳಿಗಿಂತ ಹೆಚ್ಚಾಗಿ ಅವಳ ಮುಂದೆ ನೆರೆದಿದ್ದವರ ಬೆನ್ನುಗಳನ್ನು ಕಂಡೆ. ಕಾರಂತರ ‘ಅಪೂರ್ವ ಪಶ್ಚಿಮ’ವನ್ನೂ ಗೋಕಾಕರ ‘ಸಮುದ್ರದಾಚೆಯಿಂದ’ವನ್ನೂ ಓದಿಕೊಂಡವರಿಗೆ ಈ ವಿಷಯದಲ್ಲಿ ನಾನು ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ.

ಆದರೆ ಹಳಗನ್ನಡ ಪಾಠ ಹೇಳಿಕೊಂಡು ಬಂದವನಿಗೆ, ಅದರಲ್ಲಿಯೂ ಜೈನಸಾಹಿತ್ಯವನ್ನೇ ನೆಚ್ಚಿಕೊಂಡವನಿಗೆ, ಯುರೋಪಿನಲ್ಲಿ ಇನ್ನೊಂದು ಕ್ಷೇತ್ರಮಾಲೆ ಇದೆ. ಜರ್ಮನಿಯ ಟ್ಯೂಬಿಂಗೆನ್ ಅದರಲ್ಲಿ ಒಂದು. ನಾಗವರ್ಮನ ‘ಛಂದೋಂಬುಧಿ’, ಕೇಶಿರಾಜನ ‘ಶಬ್ದಮಣಿದರ್ಪಣ’ಗಳನ್ನು ಸಂಪಾದಿಸಿ, 1894ರಲ್ಲಿ ಮಂಗಳೂರಿನಲ್ಲಿ ತನ್ನ ನಿಘಂಟನ್ನು ಅಚ್ಚು ಹಾಕಿಸಿದ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡುದು ಅಲ್ಲಿ. ಬಾನ್ ಇನ್ನೊಂದು. ಹರ್ಮನ್ ಯಾಕೋಬಿ ಅಧ್ಯಾಪನ ಮಾಡಿದ ಊರು ಅದು. ಆತ 1879ರಲ್ಲಿ ‘ಕಲ್ಪಸೂತ್ರ’ವನ್ನು ಸಂಪಾದಿಸಿ, ಜೈನಧರ್ಮ ಬೌದ್ಧದ ಕವಲಲ್ಲ, ಸ್ವತಂತ್ರವಾದ ಪ್ರಾಚೀನ ಧರ್ಮವೆಂದು ಅದರ ಪ್ರಸ್ತಾವನೆಯಲ್ಲಿ ವಾದಿಸಿದ. ಎರಡೂ ಚೆಂದದ ಊರುಗಳು. ಎರಡರಲ್ಲಿಯೂ ನಾನು ಕಳೆದುದು ಒಂದೊಂದೇ ದಿನ. ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿರುವ ಒಂದು ತೈಲಚಿತ್ರ.

ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ 1816ರಲ್ಲಿ ಬರೆದ ಚಿತ್ರವಿದು. ಅದು ಪ್ರಸಿದ್ಧವಾಗಿರುವುದು ಕರ್ನಲ್ ಕಾಲಿನ್ ಮೆಕೆಂಜಿಯ ಭಾವಚಿತ್ರವೆಂದು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ, ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಸರ್ವೆ ನಡೆಸಿ, 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆದವನು ಈ ಮೆಕೆಂಜಿ. ಚಿತ್ರದಲ್ಲಿ ಅವನದು ಕೆಂಪು ಕೋಟು, ಎತ್ತರದ ನಿಲುವು. ಮೊದಲ ನೋಟ ಅವನ ಮೇಲೆಯೇ ಬೀಳುತ್ತದೆ. ಅವನ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ. ಇನ್ನೊಬ್ಬನ ಕೈಯಲ್ಲಿ ಓಲೆಗರಿಯ ಕಟ್ಟು. ಹಿನ್ನೆಲೆಯ ಗುಡ್ಡದ ಮೇಲೆ, ಮೋಡ ಕವಿದ ಆಕಾಶದ ಕೆಳಗೆ, ಬೆರಳುದ್ದದ ಒಂದು ಆಕೃತಿ. ಅದು ಗೊಮ್ಮಟ. ಶ್ರವಣಬೆಳಗೊಳದವನಲ್ಲ, ಕಾರ್ಕಳದವನು ಎನ್ನುತ್ತಾರೆ ಬಲ್ಲವರು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿಯ ಮೂರ್ತಿ ಇಲ್ಲಿ ಬೆರಳುದ್ದಕ್ಕೆ ಇಳಿದಿದೆ.

ಓಲೆಗರಿ ಹಿಡಿದ ಪಂಡಿತನನ್ನು ವಿದ್ವಾಂಸರು ಧರ್ಮಯ್ಯನೆಂದು ಗುರುತಿಸಿದ್ದಾರೆ. ಚಾಮರಾಜನಗರದ ಸಮೀಪದ ಮಲೆಯೂರಿನ ಜೈನ ಈತ. ಮಲೆಯೂರು ಎಂದರೆ ಕನಕಗಿರಿ. ವೈಯಾಕರಣಿ ಪೂಜ್ಯಪಾದರ ತಪೋಭೂಮಿ ಎಂದು ನಮ್ಮ ಪರಂಪರೆ ನಂಬಿಕೊಂಡು ಬಂದ, ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯೂ ಬಂಡೆಗಳ ಮೇಲೆ ಶಾಸನಗಳೂ ಇರುವ ಕ್ಷೇತ್ರ. ಅಲ್ಲಿನ ಈ ಧರ್ಮಯ್ಯನಿಗೆ ಹಳಗನ್ನಡ ಶಾಸನಗಳನ್ನು ಓದುವ ವಿದ್ಯೆ ಕರಗತವಾಗಿತ್ತು. ಮೆಕೆಂಜಿಗೆ ಇಲ್ಲಿನ ಭಾಷೆಗಳ ಪಾಂಡಿತ್ಯವಿರಲಿಲ್ಲ. ಆದುದರಿಂದ ‘ಮೆಕೆಂಜಿ ಸಂಗ್ರಹಿಸಿದ ಶಾಸನ’ ಎಂದು ನಾವು ಇಂದಿಗೂ ಬರೆಯುವಲ್ಲಿ, ಕಲ್ಲಿನ ಮುಂದೆ ಕುಳಿತು ಅಕ್ಷರ ಕೂಡಿಸಿ ಓದಿದವನು ಧರ್ಮಯ್ಯ ಅಥವಾ ಅವನಂಥ ಇನ್ನೊಬ್ಬ. ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿಕೊಟ್ಟುದೂ ಇದೇ ಕೆಲಸವಾದ್ದರಿಂದ, ಕೆಂಪು ಕೋಟನ್ನು ಬಿಟ್ಟು ಆ ಓಲೆಗರಿಯ ಕೈಯನ್ನೇ ನೋಡುತ್ತ ನಿಂತುದರಲ್ಲಿ ಆಶ್ಚರ್ಯವಿಲ್ಲ.

ಏಷಿಯಾಟಿಕ್ ಸೊಸೈಟಿಯ ‘ಏಷಿಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಜೈನರ ಕುರಿತು ಒಂದು ಲೇಖನವಿದೆ. ಪಾಶ್ಚಾತ್ಯ ಜೈನಾಧ್ಯಯನದ ಆರಂಭವನ್ನು ಹೇಳುವವರು ಅದನ್ನೂ, ಅದೇ ಸಂಪುಟದಲ್ಲಿರುವ ಕೋಲ್‌ಬ್ರೂಕನ ಪ್ರಬಂಧವನ್ನೂ ತಪ್ಪದೆ ಉಲ್ಲೇಖಿಸುತ್ತಾರೆ. ಲೇಖನದ ಶೀರ್ಷಿಕೆಯನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು. ‘ಮುದ್ಗೇರಿ’ ಎಂದು ಬರೆದಿರುವ ಊರಿನ ಈ ಮತದ ಪುರೋಹಿತನೊಬ್ಬನಿಂದ ಸಂಗ್ರಹಿಸಿದ್ದು, ಕಾವಲಿ ಬೋರಯ್ಯನೆಂಬ ಬ್ರಾಹ್ಮಣ ಅನುವಾದಿಸಿದ್ದು, ಮೇಜರ್ ಮೆಕೆಂಜಿಗಾಗಿ. ಬರೆಯಿಸಿದವನ ಹೆಸರಿದೆ, ಅನುವಾದಿಸಿದವನ ಹೆಸರಿದೆ. ತನ್ನ ಧರ್ಮವನ್ನು ಬಾಯಿಬಿಟ್ಟು ಹೇಳಿದವನಿಗೆ ಮಾತ್ರ ಊರಿದೆ, ಮತವಿದೆ, ಹೆಸರಿಲ್ಲ. ಧರ್ಮಯ್ಯನಿಗೆ ಚಿತ್ರದಲ್ಲಿ ಒಂದು ಮುಖವಾದರೂ ದಕ್ಕಿತು.

ಮೆಕೆಂಜಿ ಕೃತಘ್ನನಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ತನ್ನ ಭಾವಚಿತ್ರದಲ್ಲಿ ಸಹಾಯಕರಿಗೆ ಜಾಗ ಕೊಡುವುದು ಅಂದಿನ ಕಂಪನಿ ಅಧಿಕಾರಿಗಳಲ್ಲಿ ಸಾಮಾನ್ಯವಾಗಿರಲಿಲ್ಲ. 1817ರಲ್ಲಿ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್‌ಗೆ ಬರೆದ ಪ್ರಸಿದ್ಧ ಪತ್ರದಲ್ಲಿ, ಬೋರಯ್ಯನ ಪರಿಚಯವಾದ ಮೇಲೆಯೇ ತನಗೆ ಭಾರತೀಯ ಜ್ಞಾನದ ಬಾಗಿಲು ತೆರೆಯಿತೆಂಬ ಭಾವದ ಮಾತನ್ನು ಆತ ಹೇಳಿದ್ದಾನೆ. ಆದರೆ ಅದೇ ಪತ್ರದಲ್ಲಿ ತನ್ನ ಶೋಧಗಳ ಫಲವನ್ನು ಎಣಿಸುವಾಗ ಮೊದಲಿಗೆ ಬರುವುದು ಜೈನಧರ್ಮ ದರ್ಶನಗಳ ‘ಆವಿಷ್ಕಾರ’. ಈ ಪದವನ್ನು ಓದಿದಾಗ ನನಗೆ ನಗು ಬರುತ್ತದೆ, ಸ್ವಲ್ಪ ಕೋಪವೂ. ಕಾರ್ಕಳದ ಗೊಮ್ಮಟನಿಗೆ ಆ ವೇಳೆಗೆ ಸುಮಾರು 385 ವರ್ಷ. ಬೌದ್ಧಕ್ಕೂ ಜೈನಕ್ಕೂ ಇರುವ ಭೇದ ಕನಕಗಿರಿಯ ಯಾವ ಶ್ರಾವಕನಿಗೆ ತಿಳಿದಿರಲಿಲ್ಲ? ಆದರೂ ಯುರೋಪಿನ ವಿದ್ವತ್ತು ಅದನ್ನು ಒಪ್ಪಲು ಯಾಕೋಬಿಯವರೆಗೆ ಕಾಯಬೇಕಾಯಿತು. ಧರ್ಮಯ್ಯನ ತಿಳಿವಳಿಕೆ ‘ಮಾಹಿತಿ’ ಎನ್ನಿಸಿಕೊಂಡಿತು, ಯಾಕೋಬಿಯದು ‘ಪ್ರಮಾಣ’.

ಕನಕಗಿರಿಯ ಪರಿಸರದಿಂದಲೇ ಬಂದ ಇನ್ನೊಬ್ಬ ಪಂಡಿತ ದೇವಚಂದ್ರ. ಮೆಕೆಂಜಿಯ ತಂಡದ ಸಂಪರ್ಕಕ್ಕೆ ಬಂದುದನ್ನು ಅವನೇ ‘ರಾಜಾವಳೀಕಥೆ’ಯಲ್ಲಿ ಹೇಳಿಕೊಂಡಿದ್ದಾನೆ, ಆ ಕೃತಿಯ ಬೀಜ ಬಿದ್ದುದೂ ಆ ವಿಚಾರಣೆಗಳಿಂದಲೇ. ಅದು ಸಿದ್ಧವಾದುದು 1838ರ ಸುಮಾರಿಗೆ. ಮೆಕೆಂಜಿ 1821ರಲ್ಲಿಯೇ ಗತಿಸಿದ್ದ. ಅವನ ಸಂಗ್ರಹವನ್ನು ಕಂಪನಿ ಸರ್ಕಾರ ಕೊಂಡುಕೊಂಡು ಲಂಡನ್ನಿಗಷ್ಟು, ಮದರಾಸಿಗಷ್ಟು ಹಂಚಿಹಾಕಿತ್ತು. ಪ್ರಶ್ನೆ ಕೇಳಿದವನು ಕಣ್ಮರೆಯಾಗಿ ಹದಿನೇಳು ವರ್ಷಗಳ ಮೇಲೆ ಉತ್ತರ ಸಿದ್ಧವಾಯಿತು. ಆದರೆ ಅದು ಸರ್ವೆಯ ಕಡತ ಸೇರದೆ ಮೈಸೂರು ಅರಮನೆಯನ್ನು ಸೇರಿತು, ಕವಿಯ ಹೆಸರಿನಲ್ಲಿಯೇ ಉಳಿಯಿತು. ಅದರ ಕಾಲಗಣನೆಯನ್ನು ಇತಿಹಾಸಕಾರರು ನೆಚ್ಚುವುದಿಲ್ಲ, ಸರಿಯೇ. ಆದರೂ ನನಗೆ ಅದು ಕನ್ನಡದಲ್ಲಿ ಮಾತನಾಡಿದ ಧರ್ಮಯ್ಯನಂತೆ ಕಾಣುತ್ತದೆ. ಸ್ಥಳೀಯರು ಬರೆದುಕೊಟ್ಟ ಕನ್ನಡದ ಕೈಫಿಯತ್ತುಗಳು ಡಾ. ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿ ದಶಕಗಳೇ ಕಳೆದಿವೆ. ಸಂಶೋಧನೆಗೆ ವಿಷಯವಿಲ್ಲವೆಂದು ಕೊರಗುವ ವಿದ್ಯಾರ್ಥಿಗಳು ಆ ಸಂಪುಟವನ್ನು ಬರೆಯಿಸಿಕೊಟ್ಟವರ ಹೆಸರು ಹುಡುಕುವುದಕ್ಕಾಗಿಯೇ ಒಮ್ಮೆ ಓದಬಹುದು.

ನಾನಿರುವ ಬಾಗಲೂರಿನಿಂದ ವಿಮಾನ ನಿಲ್ದಾಣ ಹತ್ತಿರ. ಲಂಡನ್ನಿಗೆ ಹಾರುವುದು ಈಗ ನಮಗೆ ಸುಲಭ. ಹೆಬ್ಬಾಳವೂ ದೂರವಲ್ಲ. 2018ರಲ್ಲಿ ಕಾಮಗಾರಿಯ ವೇಳೆ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಅಲ್ಲಿದೆ. ಕ್ರಿ.ಶ. 750ರ ಸುಮಾರಿನ ಅಕ್ಷರಗಳು. ಸ್ಥಳೀಯರೂ ಇತಿಹಾಸಾಸಕ್ತರೂ ಸೇರಿ ಅದನ್ನು ಉಳಿಸಿ ಮಂಟಪ ಕಟ್ಟಿದ್ದಾರೆ. ಆ ಕಲ್ಲಿನ ಮುಂದೆ ನಿಲ್ಲಿಸಿದರೆ ಸ್ನಾತಕೋತ್ತರ ಕನ್ನಡ ಓದಿದವರಲ್ಲಿ ಎಷ್ಟು ಮಂದಿ ಮೊದಲ ಸಾಲನ್ನು ತಾವಾಗಿ ಓದಿಯಾರು? ಹಳಗನ್ನಡದ ಪತ್ರಿಕೆಗಳು ಐಚ್ಛಿಕವಾಗುತ್ತ ತೆಳುವಾಗುತ್ತಿವೆ. ಲಿಪಿಶಾಸ್ತ್ರ ಒಂದು ಘಟಕದಲ್ಲಿ ಮುಗಿದುಹೋಗುತ್ತದೆ. ಲಂಡನ್ನಿನಲ್ಲಿ ಕನ್ನಡದ ಹಸ್ತಪ್ರತಿಗಳು ತೇವವಿಲ್ಲದ ಕೋಣೆಗಳಲ್ಲಿ ಭದ್ರವಾಗಿವೆ. ಅವನ್ನು ಹಿಂದಕ್ಕೆ ತರಬೇಕೆಂದು ವೇದಿಕೆಗಳಲ್ಲಿ ಕೂಗುವವರಿದ್ದಾರೆ. ತಂದರೆ ಓದುವವರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮರಳಿ ಬಂದ ಮೇಲೆ ಹಿಕಿಯ ಚಿತ್ರದ ಪ್ರತಿಯನ್ನು ತರಗತಿಯಲ್ಲಿ ತೋರಿಸಿದೆ. ವಿದ್ಯಾರ್ಥಿನಿಯೊಬ್ಬಳು, “ಸರ್, ಆ ಪಂಡಿತರ ಕೈಯಲ್ಲಿರುವುದು ಯಾವ ಗ್ರಂಥ?” ಎಂದು ಕೇಳಿದಳು. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ ಎಂದೆ. ಬರುವ ಡಿಸೆಂಬರಿನಲ್ಲಿ ಅವರನ್ನೆಲ್ಲ ಮಲೆಯೂರಿಗೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದೇವೆ. ಬೆಟ್ಟದ ಬಂಡೆಯ ಶಾಸನಗಳಲ್ಲಿ ಒಂದನ್ನಾದರೂ ಅಚ್ಚಿನ ಪಾಠ ನೋಡದೆ ಅವರೇ ಓದಿ ಬರೆದುಕೊಳ್ಳಬೇಕು.