ಮೂರನೆಯ ಬಾವಿ

ನಮ್ಮ ಶಾಲೆಯ ಅಂಗಳದ ಬಾವಿಯ ನೀರನ್ನು ಕುಡಿದು ಬೆಳೆದ ಸೋದರಿಯರು, ಹಗ್ಗವೂ ಕೊಡವೂ ಶುಚಿಯಾಗಿದ್ದರೆ ನೀರೂ ಶುಚಿಯೆಂದು ನಾವು ಅಂದು ನಂಬಿದ್ದನ್ನು ಮರೆತಿರಲಾರರು. ಆ ತಿಳುವಳಿಕೆಯು ಸಾಲದೆಂಬದನ್ನು ಅಮೇರಿಕಾ ದೇಶದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ನಾವು ಕೈಕೊಂಡ ಉದ್ಯೋಗವು ನಮಗೆ ಕಲಿಸಿತು. ಮುಚ್ಚಿಹೋದ ಪೆಟ್ರೋಲ್ ಬಂಕುಗಳ ನೆಲವನ್ನೂ ನೀರನ್ನೂ ಪರೀಕ್ಷಿಸುವದೇ ಆ ಉದ್ಯೋಗವು.

ನಾವು ಹೇಳಲಿರುವ ಸ್ಥಳವು ನೋಡುವವರಿಗೆ ಬರಿಯ ಬಯಲು. ಪಂಪುಗಳನ್ನು ಕಿತ್ತು ಒಯ್ದು ಬಹು ವರುಷಗಳಾಗಿದ್ದವು. ಆದರೆ ಇಂಥ ಸ್ಥಳಗಳಲ್ಲಿ ನೆಲದೊಳಗಣ ಉಕ್ಕಿನ ತೊಟ್ಟಿಗಳು ತುಕ್ಕು ಹಿಡಿದು, ಕೊಳವೆಗಳ ಕೀಲುಗಳು ಸಡಿಲಿ, ಪೆಟ್ರೋಲು ತೊಟ್ಟುತೊಟ್ಟಾಗಿ ಮಣ್ಣಿನಲ್ಲಿ ಇಳಿಯುವದುಂಟು. ಅದು ನೀರಿಗಿಂತ ಹಗುರವಾದದ್ದರಿಂದ ಅಂತರ್ಜಲದ ಮೇಲೆ ತೇಲಿ ನಿಲ್ಲುವದು. ಅದರಲ್ಲಿರುವ ಬೆಂಜೀನು ಮೊದಲಾದ ದ್ರವ್ಯಗಳು ನೀರಿನಲ್ಲಿ ಕರಗಿ ಅದರೊಡನೆ ಹರಿದುಹೋಗುವವು. ಬೆಂಜೀನು ರಕ್ತದ ಕ್ಯಾನ್ಸರನ್ನು ಉಂಟುಮಾಡಬಲ್ಲದು. ಆದದರಿಂದ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಕೂಡದೆಂದು ಆ ದೇಶದ ಕೇಂದ್ರ ಸರಕಾರವು ವಿಧಿಸಿದೆ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ಮೈಕ್ರೋಗ್ರಾಮೆಂದು ಹೆಸರು. ಇಷ್ಟು ಅಲ್ಪವನ್ನು ಮೂಗು ಅರಿಯಲಾರದು.

ನಾವು ಯಂತ್ರದಿಂದ ನೆಲವನ್ನು ಕೊರೆಯಿಸಿ, ಬೇರೆ ಬೇರೆ ಆಳಗಳ ಮಣ್ಣನ್ನು ಸೀಸೆಗಳಲ್ಲಿ ಬಿಗಿದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸಿದೆವು. ತೊಟ್ಟಿಗಳ ಬಳಿಯ ಮಣ್ಣು ಬೂದುಬಣ್ಣಕ್ಕೆ ತಿರುಗಿ ನಾರುತ್ತಿತ್ತು. ನೆಲವು ರಸ್ತೆಯ ಕಡೆಗೆ ಇಳಿಜಾರಾಗಿದ್ದದರಿಂದ ಅಂತರ್ಜಲವೂ ಅತ್ತಲೇ ಹರಿಯುವದೆಂದು ಎಣಿಸಿ, ಆ ಕಡೆಯಲ್ಲಿ ಎರಡು ಪರೀಕ್ಷಾ ಬಾವಿಗಳನ್ನು ಕೊರೆಯಿಸಿದೆವು. ಎರಡರಲ್ಲಿಯೂ ನೀರು ನಿರ್ಮಲವೆಂದು ತಿಳಿದುಬಂತು. ಸಂತೋಷದಿಂದ ವರದಿಯನ್ನು ಬರೆಯಲು ಕುಳಿತೆವು.

ಆಗ ಹಿಂದಣ ಏರಿನ ಮೇಲಿದ್ದ ಮನೆಯ ವೃದ್ಧೆಯೊಬ್ಬರು ಬೇಲಿಯ ಬಳಿಗೆ ಬಂದು, ತಮ್ಮ ಬಾವಿಯ ನೀರನ್ನೇ ಮೊಮ್ಮಕ್ಕಳಿಗೆ ಕುಡಿಯಕೊಡುತ್ತಿರುವದಾಗಿ ತಿಳಿಸಿ, ಅದರಿಂದ ಬಾಧೆಯಿಲ್ಲವಷ್ಟೆ ಎಂದು ಕೇಳಿದರು. "ಚಿಂತೆಯಿಲ್ಲ" ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಆದರೆ ತಾಳೆ ನೋಡದೆ ಲೆಕ್ಕದ ಉತ್ತರವನ್ನು ಬರೆಯಬಾರದೆಂದು ನಮ್ಮ ಉಪಾಧ್ಯಾಯಿನಿಯವರು ಹೇಳುತ್ತಿದ್ದದ್ದು ಥಟ್ಟನೆ ನೆನಪಾಯಿತು. ಅಂತರ್ಜಲವು ಹರಿಯುವ ದಿಕ್ಕನ್ನು ಅರಿಯಬೇಕಾದರೆ ಒಂದೇ ಸಾಲಿನಲ್ಲಿರದ ಮೂರು ಬಾವಿಗಳ ನೀರಿನ ಮಟ್ಟವಾದರೂ ಬೇಕು. ಇದು ಈ ವಿದ್ಯೆಯ ಮೊದಲನೆಯ ಪಾಠ, ನಮ್ಮಲ್ಲಿದ್ದವು ಎರಡೇ.

ನಾಚಿಕೊಂಡು ಮೂರನೆಯದನ್ನು ಬೇಲಿಯ ಪಕ್ಕದಲ್ಲಿ ಕೊರೆಯಿಸಿದೆವು. ಆ ಮನೆಯವರೂ ಮೇಲಣ ತೋಟದವರೂ ಪಂಪುಗಳಿಂದ ನೀರೆಳೆಯುತ್ತಿದ್ದದರಿಂದ ಅಂತರ್ಜಲವು ನೆಲದ ಇಳಿಜಾರಿಗೆ ವಿರುದ್ಧವಾಗಿ ಅವರ ಕಡೆಗೇ ತಿರುಗಿತ್ತು! ಹೊಸ ಬಾವಿಯಲ್ಲಿ ಬೆಂಜೀನು ಮಿತಿಯನ್ನು ಮೀರಿತ್ತು. ವೃದ್ಧೆಯ ಬಾವಿಯನ್ನು ಅದು ಇನ್ನೂ ಮುಟ್ಟಿರಲಿಲ್ಲ. ದೇವರ ಕರುಣೆಯೆಂದೇ ಹೇಳಬೇಕು. ಆ ಮನೆಗೆ ಬೇರೆ ನೀರಿನ ಏರ್ಪಾಡಾಯಿತು. ಕೆಟ್ಟ ಮಣ್ಣನ್ನು ಅಗೆದು ಸಾಗಿಸಿದರು. ನಾವು ಬರೆಯತೊಡಗಿದ್ದ ವರದಿಯನ್ನು ಹರಿದುಹಾಕಿದೆವು.

ಸೋರಿಕೆಯನ್ನು ಅಲ್ಪವೆಂದು ಕಡೆಗಣಿಸುವವರು ಅದೇ ಪ್ರಾಂತದ ಸಾಂಟಾ ಮೋನಿಕಾ ನಗರವನ್ನು ನೆನೆಯಲಿ. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ದ್ರವ್ಯವು ಅಲ್ಲಿನ ಬಾವಿಗಳಲ್ಲಿ ಕಂಡುಬಂದು, ಅವುಗಳನ್ನು 1996ರಲ್ಲಿ ನಿಲ್ಲಿಸಬೇಕಾಗಿ, ನಗರವು ತನ್ನ ನೀರಿನ ಸುಮಾರು ಅರ್ಧಪಾಲನ್ನು ಕಳೆದುಕೊಂಡಿತು.

ಅಬ್ರಹಾಮನ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಲು ಇಸಾಕನು ಅವುಗಳನ್ನು ತಿರುಗಿ ಅಗೆಯಿಸಿದನೆಂದು ಶಾಲೆಯ ವೇದಪಾಠದಲ್ಲಿ ಕಲಿತೆವು. ಮಣ್ಣು ಬಿದ್ದ ಬಾವಿಯನ್ನು ಹೀಗೆ ತೆರೆಯಬಹುದು. ಪೆಟ್ರೋಲು ಇಳಿದ ಬಾವಿಯನ್ನು ಶುದ್ಧಿಮಾಡುವದು ಅಷ್ಟು ಸುಲಭವಲ್ಲ. ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ಬಾವಿಯ ಸಮೀಪದಲ್ಲಿ ಹೊಸ ಬಂಕಾಗಲಿ ಹಳೆಯ ಬಂಕಾಗಲಿ ಇದ್ದರೆ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿರಿ. ಪೆಟ್ರೋಲಿನ ವಾಸನೆಯುಳ್ಳ ನೀರನ್ನು ಕುದಿಸಿ ಶುದ್ಧಿಮಾಡಲೆತ್ನಿಸಬೇಡಿರಿ. ವಿಷವು ಆವಿಯಾಗಿ ಮನೆಯವರ ಉಸಿರನ್ನು ಸೇರುವದು. ನಿಮ್ಮ ಹೆಣ್ಣುಮಕ್ಕಳಲ್ಲಿ ಯಾರಾದರೂ ಈ ವಿದ್ಯೆಯನ್ನು ಕಲಿಯಬಯಸಿದರೆ ಮಣ್ಣಿನ ಕೆಲಸವೆಂದು ತಡೆಯಬೇಡಿರಿ. ಉತ್ತರವನ್ನು ತಾಳೆ ನೋಡುವ ಅಭ್ಯಾಸವನ್ನು ನಮ್ಮ ಶಾಲೆಯು ಅವರಿಗೆ ಮೊದಲೇ ಕಲಿಸಿರುವದು.