ಬಣ್ಣ ಸರಿ ಮಾಡಿಕೊಡು

ಊರಿನ ಹುಡುಗನೊಬ್ಬ ಬಿಇ ಮುಗಿಸಿ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ ಅಂದ್ರೆ, ಕಂಪ್ಯೂಟರ್ ಅನ್ನೋ ಪೆಟ್ಟಿಗೆಯೊಳಗಿರೋದೆಲ್ಲ ಅವನಿಗೆ ಬರುತ್ತೆ ಅಂತ ನೆಂಟರ ಲೆಕ್ಕ. ನಾನು ಹೊಟ್ಟೆಪಾಡಿಗೆ ಮಾಡೋದು ಇನ್ಯಾವುದೋ ದೇಶದ ಬ್ಯಾಂಕಿನ ಬಡ್ಡಿ ಲೆಕ್ಕದ ಪ್ರೋಗ್ರಾಮ್. ಆದರೆ ಪಹಣಿ ತೆಗೆಯೋದು, ಸಿಇಟಿ ರ್‍ಯಾಂಕ್ ನೋಡೋದು, ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಂಡ ಕಾಗದ ಎಳೆಯೋದು, ಎಲ್ಲ ನನ್ನ ಪಾಲಿಗೇ. ಮೂರು ವರ್ಷದ ಹಿಂದೆ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ತಗೊಂಡೆ ನೋಡಿ, ಆ ಪಟ್ಟಿಗೆ ಇನ್ನೊಂದು ಸೇರಿತು. ಮದುವೆ, ಗೃಹಪ್ರವೇಶ, ಉಪನಯನ ಯಾವುದೇ ಇರಲಿ, ಮುಗಿದ ವಾರಕ್ಕೆ ಸಿಡಿಯೋ ಪೆನ್‌ಡ್ರೈವೋ ಬಂದು ಬೀಳುತ್ತೆ. ಜೊತೆಗೆ ಒಂದೇ ಮಾತು: "ಸ್ವಲ್ಪ ಬಣ್ಣ ಸರಿ ಮಾಡಿಕೊಡು ಮಾರಾಯಾ."

ಈ 'ಸರಿ' ಅನ್ನೋ ಪದದ ಮೇಲೆ ನನಗೆ ಅನುಮಾನ ಶುರುವಾಗಿದ್ದು ಆವಾಗಿನಿಂದಲೇ.

ಮೊದಲು ಸುಲಭದ್ದು ಹೇಳಿಬಿಡ್ತೀನಿ. ನಮ್ಮ ಕಣ್ಣು ದೊಡ್ಡ ಸುಳ್ಳುಗಾರ. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಹಾಲು ನೋಡಿದರೂ ಬಿಳಿ, ಅಂಗಳದ ಬಿಸಿಲಲ್ಲಿ ನೋಡಿದರೂ ಬಿಳಿ. ಬೆಳಕು ಬದಲಾದ ಹಾಗೆ ಮಿದುಳು ತನ್ನಷ್ಟಕ್ಕೇ ಲೆಕ್ಕ ಹೊಂದಿಸಿಕೊಳ್ಳುತ್ತೆ, ನಮಗೆ ಗೊತ್ತೇ ಆಗಲ್ಲ. ಕ್ಯಾಮೆರಾಕ್ಕೆ ಆ ಸಂಸಾರ ಇಲ್ಲ. ಬಿದ್ದ ಬೆಳಕನ್ನು ಇದ್ದಂತೆ ಬರೆದುಕೊಳ್ಳುತ್ತೆ. ಹಳೇ ಬಲ್ಬಿನ ಬೆಳಕು ಸುಮಾರು 2800 ಕೆಲ್ವಿನ್, ನಡು ಹಗಲಿನದು 5500ರ ಆಸುಪಾಸು, ಮೋಡ ಮುಸುಕಿದರೆ ಇನ್ನೂ ಮೇಲೆ. ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ, ಹೆಚ್ಚಾದಷ್ಟು ನೀಲಿ. ಈ ಬೆಳಕಿನ ಬಣ್ಣವನ್ನು ಲೆಕ್ಕದಿಂದ ಕಳೆದು, ಬಿಳಿಯದನ್ನು ಬಿಳಿಯಾಗಿ ಕಾಣಿಸೋದಕ್ಕೆ ವೈಟ್ ಬ್ಯಾಲೆನ್ಸ್ ಅಂತ ಹೆಸರು.

ನಮ್ಮ ಕಡೆ ಮದುವೆ ಫೋಟೊ ನೋಡಿದವರಿಗೆ ಇದರ ಕಷ್ಟ ಗೊತ್ತು. ಹತ್ತು ಗಂಟೆಯ ಬಿಸಿಲು ಕೆಂಪು ಶಾಮಿಯಾನದಲ್ಲಿ ಸೋಸಿ ಇಳೀತಾ ಇರುತ್ತೆ, ಹಿಂದೆ ಹಸಿರು ಛಾಯೆಯ ಟ್ಯೂಬ್‌ಲೈಟು, ಮುಖಕ್ಕೆ ವೀಡಿಯೋದವನ ಹ್ಯಾಲೋಜನ್ನು. ಧಾರೆ ಎರೆಯೋ ಮಾವನ ಅರ್ಧ ಮುಖ ಕುಂಕುಮ, ಇನ್ನರ್ಧ ಅರಿಶಿನ. ಇಂಥ ಕಡೆ ಎಲ್ಲರೂ ಕಲಿಸೋ ಉಪಾಯ ಐಡ್ರಾಪರ್: ಫೋಟೊದಲ್ಲಿ ಬಿಳಿಯದೋ ಬೂದಿಯದೋ ಒಂದು ಜಾಗ ಹುಡುಕಿ ಕ್ಲಿಕ್ ಮಾಡಿ, ಉಳಿದದ್ದು ತಾನೇ ಹೊಂದಿಕೊಳ್ಳುತ್ತೆ. ನಮ್ಮ ಮದುವೆಗಳಲ್ಲಿ ಬಿಳಿಗೇನು ಬರ? ನೂರಾರು ಪಂಚೆ. ಆದರೆ ಪಂಚೆ ನಂಬೋ ಹಾಗಿಲ್ಲ ಸ್ವಾಮಿ. ನೀಲಿ ಹಾಕಿ ಹಿಂಡಿದ ಪಂಚೆ ನಿಜಕ್ಕೂ ನಸುನೀಲಿ. ಅದನ್ನೇ ಬಿಳಿ ಅಂತ ಫೋಟೊಶಾಪಿಗೆ ಹೇಳಿದರೆ, ಇಲ್ಲದ ನೀಲಿ ಬೆಳಕನ್ನು ಕಳೆಯೋಕೆ ಹೋಗಿ ಅದು ಇಡೀ ಪಂಕ್ತಿಗೇ ಕಾಮಾಲೆ ಬರಿಸುತ್ತೆ. ನಾನು ನೆಚ್ಚೋದು ಛತ್ರದ ಬಣ್ಣ ಬಳಿಯದ ಸಿಮೆಂಟು ಕಂಬವನ್ನು.

ಎಲ್ಲದಕ್ಕೂ ಒಂದು ಆಟೋ ಬಟನ್ ಇದೆಯಲ್ಲ ಅಂತೀರಾ? ಇದೆ. ಅಂಥ ಎಷ್ಟೋ ಬಟನ್ನುಗಳ ಹಿಂದಿರೋ ಹಳೇ ಊಹೆಯೊಂದನ್ನು 'ಗ್ರೇ ವರ್ಲ್ಡ್' ಅಂತಾರೆ. ಯಾವುದೇ ಫೋಟೊದ ಎಲ್ಲ ಬಣ್ಣಗಳನ್ನೂ ಕಲಸಿ ಸರಾಸರಿ ತೆಗೆದರೆ ಬೂದಿ ಬರಬೇಕು, ಬರದಿದ್ದರೆ ಬೆಳಕಿನದೇ ತಪ್ಪು ಅನ್ನೋದು ಆ ಊಹೆ. ಇದನ್ನು ನಂಬಿದವರು ಶ್ರಾವಣದಲ್ಲಿ ತೀರ್ಥಹಳ್ಳಿ ಕಡೆ ಬಂದವರಲ್ಲ. ನಮ್ಮನೆ ಮೆಟ್ಟಿಲಲ್ಲಿ ನಿಂತು ಕ್ಲಿಕ್ಕಿಸಿದರೆ ಕೆಳಗೆ ಗದ್ದೆ, ಆಚೆ ತೋಟ, ಅದರಾಚೆ ಗುಡ್ಡ, ಎಲ್ಲ ಹಸಿರು. ಸರಾಸರಿ ತೆಗೆದರೂ ಹಸಿರೇ. ಆಟೋ ಒತ್ತಿದ ಕೂಡಲೇ ಕಂಪ್ಯೂಟರ್ ಗಾಬರಿಯಾಗಿ 'ಇಷ್ಟೊಂದು ಹಸಿರು ಇರೋಕೆ ಸಾಧ್ಯವಿಲ್ಲ' ಅಂದುಕೊಂಡು ಅದಕ್ಕೆ ಎದುರಿನ ಬಣ್ಣ ಸುರಿಯುತ್ತೆ. ಗದ್ದೆ ಬಾಡುತ್ತೆ, ಮೋಡ ಗುಲಾಬಿಯಾಗುತ್ತೆ. (ಕ್ಯಾಮೆರಾದ ಸೆನ್ಸರಿಗೆ ಮಾತ್ರ ಹಸಿರಿನ ಮರ್ಯಾದೆ ಗೊತ್ತು. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸ ಅದು. ಪ್ರತಿ ನಾಲ್ಕು ಚೌಕದಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು.)

ಇಷ್ಟು ತಂತ್ರದ ಮಾತಾಯಿತು. ನೆಂಟರು 'ಸರಿ ಮಾಡು' ಅನ್ನುವಾಗ ಅವರ ತಲೆಯಲ್ಲಿ ಇದ್ಯಾವುದೂ ಇರಲ್ಲ. ಅವರ ಅರ್ಥ ಬೇರೆ.

ದೊಡ್ಡಮ್ಮ ತನ್ನ ಮಗಳ ಫೋಟೊ ಕಳಿಸಿದ್ದಳು, ಗಂಡಿನ ಕಡೆಯವರಿಗೆ ಕೊಡೋಕೆ. ತಂಗಿ ಜಗಲಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದಾಳೆ, ಕೆನ್ನೆ ಮೇಲೆ ಹಸಿರು ಛಾಯೆ. ಅದನ್ನು ತೆಗೆದೆ. ಚೆಂದ ಬಂತು, ಅವಳು ಹೇಗಿದ್ದಾಳೋ ಹಾಗೇ. ದೊಡ್ಡಮ್ಮ ಫೋನ್ ಮಾಡಿ, "ಬಣ್ಣ ಸರಿ ಮಾಡು ಅಂದಿದ್ನಲ್ಲನಾ?" ಅಂದಳು. "ಮಾಡಿದೀನಲ್ಲ ದೊಡ್ಡಮ್ಮ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, "ಒಂಚೂರು ಬೆಳ್ಳಗೆ ಮಾಡಾ."

ಮಾಡಲ್ಲ ಅಂದೆ. ನಾನು ಮಾಡದಿದ್ದರೆ ಪೇಟೆಯಲ್ಲಿ ಸ್ಟುಡಿಯೋ ಇಲ್ವಾ? ಐವತ್ತು ರೂಪಾಯಿಗೆ ಅವರು ಮಾಡಿಕೊಟ್ಟರು. ಕತ್ತಿನ ಕರಿಮಣಿ ಸರದವರೆಗೂ ಬೆಳ್ಳಗಾಗಿತ್ತು. ಗಂಡಿನ ಕಡೆಯವರು ಬಂದರು. ತಂಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಹುಡುಗನ ತಾಯಿ ಅವಳನ್ನು ನೋಡಿ, ಕೈಯಲ್ಲಿದ್ದ ಫೋಟೊ ನೋಡಿ, ಪಕ್ಕದವರ ಹತ್ತಿರ "ಇವಳ ತಂಗೀದು ಕೊಟ್ಟಿದ್ರೇನೋ" ಅಂದರಂತೆ. ಇದನ್ನು ತಂಗಿಯೇ ನನಗೆ ನಗುತ್ತಾ ಹೇಳಿದ್ದು. ಅವಳಿಗೆ ತಂಗಿಯರಿಲ್ಲ. ನಕ್ಕು ಮುಗಿಸಿ, "ಅಣ್ಣ, ನೀನು ಮಾಡಿದ್ಯಲ್ಲ ಫೋಟೊ, ಅದು ಇದ್ಯಾ ನಿನ್ನ ಹತ್ರ?" ಅಂತ ಕೇಳಿದಳು.

ಯಂತ್ರಗಳಿಗೂ ಈ ಚಾಳಿ ಇತ್ತು ಅನ್ನೋದು ನನಗೆ ಆಮೇಲೆ ಓದಿ ಗೊತ್ತಾಯಿತು. ಫಿಲ್ಮಿನ ಕಾಲದಲ್ಲಿ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಫೋಟೊ ಕಳಿಸ್ತಿತ್ತು. ಚರ್ಮದ ಬಣ್ಣ ಸರಿಯಾಗಿ ಬಂತೋ ಇಲ್ಲವೋ ಅಂತ ಪ್ರಿಂಟರನ್ನು ಹೊಂದಿಸೋದಕ್ಕೆ. ಅದರಲ್ಲಿ ಇರುತ್ತಿದ್ದವಳು ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು ಬಿತ್ತು. ಆಮೇಲೆ ಬಂದ ಹುಡುಗಿಯರೂ ಶರ್ಲಿಗಳೇ. ಅವಳ ಮುಖ ಸರಿ ಬಂದರೆ ಲೋಕವೆಲ್ಲ ಸರಿ ಬಂತು ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರನ್ನು ಒಟ್ಟಿಗೆ ಕೂರಿಸಿದ ಕೊಡ್ಯಾಕಿನ ಕಾರ್ಡು ಬರೋದಕ್ಕೆ 1990ರ ದಶಕವೇ ಆಗಬೇಕಾಯಿತು.

ಇನ್ನೊಂದು ವಿಷಯ. ವೀಡಿಯೋ ಎಡಿಟಿಂಗ್ ಮಾಡೋರ ಹತ್ತಿರ ವೆಕ್ಟರ್‌ಸ್ಕೋಪ್ ಅಂತ ಒಂದು ಸಾಧನ ಇರುತ್ತೆ, ಚಿತ್ರದ ಬಣ್ಣಗಳನ್ನು ಒಂದು ಚಕ್ರದ ಮೇಲೆ ಚುಕ್ಕಿ ಇಟ್ಟು ತೋರಿಸೋದು. ಅದರಲ್ಲಿ ಚರ್ಮಕ್ಕೆ ಅಂತಲೇ ಒಂದು ಗೆರೆ. ಬಿಳಿಯರು, ಆಫ್ರಿಕಾದವರು, ನಮ್ಮ ದೊಡ್ಡಮ್ಮನ ಮಗಳು, ಯಾರ ಮುಖ ಇಟ್ಟರೂ ಹೆಚ್ಚುಕಮ್ಮಿ ಆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತೆ. ಮುಖ್ಯವಾಗಿ ಬದಲಾಗೋದು ಎಷ್ಟು ಗಾಢ, ಎಷ್ಟು ತಿಳಿ ಅನ್ನೋದು. ಹಾಗಾಗಿ ಛಾಯೆ ತೆಗೆಯೋ ಕೆಲಸಕ್ಕೂ ಬೆಳ್ಳಗೆ ಮಾಡೋ ಕೆಲಸಕ್ಕೂ ಸಂಬಂಧವೇ ಇಲ್ಲ. ಇದನ್ನು ದೊಡ್ಡಮ್ಮನಿಗೆ ವಿವರಿಸೋ ಧೈರ್ಯ ನನಗಿನ್ನೂ ಬಂದಿಲ್ಲ.

ಈಗ ನನ್ನ ಸ್ವಂತದ್ದಕ್ಕೆ ಬರ್ತೀನಿ. ಅಪ್ಪಯ್ಯ ಹೋಗಿದ್ದು 1987ರಲ್ಲಿ, ನನಗೆ ಏಳು ವರ್ಷ. ಅವನ ಕೆಮ್ಮಿನ ಸದ್ದು ನೆನಪಿದೆ, ಬೆವರಿನ ಜೊತೆ ಬೆರೆತ ಅಡಿಕೆಯ ವಾಸನೆ ನೆನಪಿದೆ, ಮುಖ ಅಷ್ಟಾಗಿ ಇಲ್ಲ. ಮನೆಯಲ್ಲಿರೋದು ಅವನ ಒಂದೇ ಬಣ್ಣದ ಫೋಟೊ, 1984ರದ್ದು. ಬೊಂಬಾಯಿಂದ ಚಿಕ್ಕಪ್ಪ ಬಂದಾಗ ತೆಗೆದಿದ್ದು. ಅಪ್ಪಯ್ಯ, ಅಮ್ಮ, ನಡುವೆ ನಾನು. ಹಿಂದೆ ನಮ್ಮನೆ ಗೋಡೆ. ಅದು ಈಗ ಪೂರ್ತಿ ಕೆಂಪು. ಹಳೇ ಪ್ರಿಂಟುಗಳ ಹಣೆಬರಹ ಅದು. ಕಾಗದದ ಮೇಲಿನ ಮೂರು ಬಣ್ಣಗಳಲ್ಲಿ ಸಯಾನ್, ಅಂದರೆ ಹಸಿರು ಬೆರೆತ ನೀಲಿ, ಪೆಟ್ಟಿಗೆಯ ಕತ್ತಲಲ್ಲಿ ಇಟ್ಟಿದ್ದರೂ ಉಳಿದೆರಡಕ್ಕಿಂತ ಬೇಗ ಸಾಯುತ್ತೆ. ಕೆಂಪನ್ನು ತಡೆದು ನಿಲ್ಲಿಸೋದೇ ಆ ಸಯಾನ್. ಅದು ಹೋದ ಮೇಲೆ ಹುಲ್ಲು, ಆಕಾಶ, ಅಪ್ಪ, ಎಲ್ಲ ಇಟ್ಟಿಗೆ ಬಣ್ಣ.

ಸ್ಕ್ಯಾನ್ ಮಾಡಿ ತೆರೆದೆ. ಲೆವೆಲ್ಸ್‌ನಲ್ಲಿ ಮೂರು ಚಾನೆಲ್ ಬೇರೆ ಬೇರೆ ನೋಡಿದರೆ ಕೆಂಪಿನ ಗುಡ್ಡ ಪೂರಾ ಬಲಕ್ಕೆ ಸರಿದು ಕೂತಿತ್ತು. ಅಮ್ಮನ ತಲೆಕೂದಲು ಕಪ್ಪು ಅನ್ನೋದರಲ್ಲಿ ಅನುಮಾನವಿಲ್ಲ, ಆದರೆ ಅಲ್ಲಿನ ಸಂಖ್ಯೆ ಕೆಂಪು 96, ಹಸಿರು 45, ನೀಲಿ 41. ಕೂದಲನ್ನೇ ಕಪ್ಪು ಅಂತ ಹಿಡಿದು ಕೆಂಪನ್ನು ಕೆಳಗೆಳೆದೆ. ಅರ್ಧ ಕೆಲಸ ಆಯಿತು. ಇನ್ನರ್ಧಕ್ಕೆ ಏನು ಆಧಾರ? ಮುಖ ಇನ್ನೂ ಕೆಂಪಗೇ ಇತ್ತು. ಕರ್ವ್ಸ್ ಒಂದಿಷ್ಟು ಎಳೆದರೆ ಅಪ್ಪಯ್ಯ ಗೋಧಿ ಬಣ್ಣ, ಮತ್ತೊಂದಿಷ್ಟು ಎಳೆದರೆ ಶ್ಯಾಮಲ, ಇನ್ನೂ ಸ್ವಲ್ಪ ಎಳೆದರೆ ಕಪ್ಪು. ಮೂರೂ ನಂಬೋ ಹಾಗೇ ಇದ್ದವು. ನನ್ನ ಅಪ್ಪ ಇವರಲ್ಲಿ ಯಾರು ಅಂತ ನನಗೆ ಗೊತ್ತಿರಲಿಲ್ಲ. ರಾತ್ರಿ ಒಂದು ಗಂಟೆಗೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಲಿ ಹಿಡಿದುಕೊಂಡು ಕೂತವನಿಗೆ ಅದು ಹೇಗನ್ನಿಸಿತು ಅಂತ ಬರೆಯೋಕೆ ಬರಲ್ಲ, ಬಿಡಿ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿ ಊರಿಗೆ ಹೋದೆ. ಅಮ್ಮ ಕನ್ನಡಕ ಏರಿಸಿ ಪರದೆ ನೋಡಿದಳು. "ಈ ಸೀರೆ ಕೆಂಪಲ್ಲನಾ. ಮಾವಿನ ಚಿಗುರಿನ ಬಣ್ಣ," ಅಂದಳು. ಮಾವಿನ ಚಿಗುರು ಎಳೇದರಲ್ಲಿ ತಾಮ್ರ, ಬಲಿತರೆ ಹಸಿರು, ಯಾವುದು ಅಂತ ಇಟ್ಟುಕೊಳ್ಳಲಿ? ಕೇಳಿದೆ. ಅಮ್ಮ ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಡಾಂಬರು ಗುಳಿಗೆಯ ವಾಸನೆ ಹಿಂದೆ ಬಿಟ್ಟುಕೊಂಡು ಸೀರೆ ಹಿಡಿದು ಬಂದಳು. ಅದೇ ಸೀರೆ. ಉಟ್ಟಿದ್ದು ನಾಲ್ಕೈದು ಸಲ, ಆಮೇಲೆ ಉಡೋ ಸಂದರ್ಭ ಬರಲಿಲ್ಲ. ಬಣ್ಣ ಹಳದಿ ಬೆರೆತ ಎಳೆಹಸಿರು.

ಬಣ್ಣ ತಿದ್ದೋರು ನೂರಾರು ಡಾಲರ್ ಕೊಟ್ಟು ಕಲರ್ ಕಾರ್ಡ್ ತರಿಸಿಕೊಳ್ತಾರೆ. ನನ್ನ ಕಾರ್ಡು ಟ್ರಂಕಿನಲ್ಲಿ ಇಪ್ಪತ್ತೇಳು ವರ್ಷದಿಂದ ಮಡಚಿಕೊಂಡು ಕೂತಿತ್ತು. ಮೋಡದ ಬೆಳಕಿನಲ್ಲಿ ಅಂಗಳದ ಸಿಮೆಂಟು ಕಟ್ಟೆಯ ಮೇಲೆ ಸೀರೆ ಹರಡಿ ಫೋಟೊ ತೆಗೆದೆ. ಕಟ್ಟೆಯನ್ನೇ ಬೂದಿ ಅಂತ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿದೆ. ಸೀರೆಯ ಆರ್‌ಜಿಬಿ ಬರೆದಿಟ್ಟುಕೊಂಡು, ಹಳೇ ಫೋಟೊದಲ್ಲಿ ಅಮ್ಮನ ಸೆರಗಿನ ಮೇಲೆ ಒಂದು ಗುರುತಿಟ್ಟು, ಅಲ್ಲಿನ ಸಂಖ್ಯೆ ಇದಕ್ಕೆ ಹತ್ತಿರ ಬರೋ ತನಕ ಒಂದೊಂದೇ ಚಾನೆಲ್ಲಿನ ಕರ್ವ್ ಎಳೀತಾ ಹೋದೆ. ಬೇಕಂತಲೇ ಮುಖದ ಕಡೆ ನೋಡಲಿಲ್ಲ. ಕಣ್ಣು ಸೆರಗಿನ ಸಂಖ್ಯೆಯ ಮೇಲೇ. ಕೆಂಪು ಇಳೀತು, ಹಿಂದಿನ ಸುಣ್ಣದ ಗೋಡೆ ಬೆಳ್ಳಗಾಯಿತು, ಮೂಲೆಯ ದಾಸವಾಳದ ಗಿಡಕ್ಕೆ ಎಲೆ ಬಂತು.

ಆಮೇಲೆ ಮುಖ ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಪ್ಪು.

ಅಮ್ಮ ಹಿಂದೆ ನಿಂತಿದ್ದಳು. "ಹ್ಞೂಂ. ಎಣ್ಣೆಗಪ್ಪು ಅವರು. ತೋಟದಿಂದ ಬಂದು ಹೊಂಡದ ಹತ್ರ ಮೈ ತೊಳ್ಕೊಂಡು ನಿಂತ್ರೆ ಬೆನ್ನು ಹೊಳೀತಿತ್ತು," ಅಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮದ್ವೇಲಿ ನಮ್ಮತ್ತಿಗೆ ಆಡ್ಕೊಂಡಿದ್ಲು, ಕಪ್ಪು ಗಂಡು ಅಂತ." ಅಷ್ಟು ಹೇಳಿ, ಸೀರೆ ಮತ್ತೆ ಅದೇ ಮಡಿಕೆಗೆ ಮಡಚೋಕೆ ಶುರು ಮಾಡಿದಳು. ನಾನು ಕೀಬೋರ್ಡಿನ ಮೇಲಿದ್ದ ನನ್ನ ಕೈ ನೋಡಿಕೊಂಡೆ. ಅದೇ ಬಣ್ಣ.

ಸೋಮವಾರ ಬೆಂಗಳೂರಿಗೆ ಬಂದು ಹತ್ತು ಹನ್ನೆರಡರ ಸೈಜಿನಲ್ಲಿ ಪ್ರಿಂಟ್ ಹಾಕಿಸೋಕೆ ಮನೆ ಹತ್ತಿರದ ಕಲರ್ ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗ ಪೆನ್‌ಡ್ರೈವ್ ಸಿಕ್ಕಿಸಿ, ಫೋಟೊ ದೊಡ್ಡದು ಮಾಡಿ ನೋಡಿ, ಒಳ್ಳೇ ಮನಸ್ಸಿನಿಂದಲೇ ಕೇಳಿದ: "ಸಾರ್, ಯಜಮಾನ್ರು ಸ್ವಲ್ಪ ಡಾರ್ಕ್ ಬಂದಿದಾರೆ. ಫೇರ್ ಮಾಡಿಬಿಡ್ಲಾ? ಎಕ್ಸ್‌ಟ್ರಾ ಚಾರ್ಜ್ ಏನಿಲ್ಲ."

ಅವನ ಪೆನ್ನನ್ನೇ ಇಸಕೊಂಡು ಕವರಿನ ಮೇಲೆ ದಪ್ಪಕ್ಷರದಲ್ಲಿ 'ನೋ ಕರೆಕ್ಷನ್' ಅಂತ ಬರೆದೆ. ಎರಡು ಪ್ರಿಂಟ್ ಹೇಳಿದೆ, ಒಂದು ಅಮ್ಮನಿಗೆ, ಒಂದು ನನಗೆ.